ಎಲ್ಲಿ ನಿಂತು ನೋಡಬೇಕು?

ಲೆಕ್ಕವಿಲ್ಲದಷ್ಟು ಕ್ಯಾಮೆರಾಗಳಿಗೆ ಸಿಕ್ಕಿರುವ ಸ್ಪಿರಿಟ್ ಐಲ್ಯಾಂಡ್ ವರ್ಷದ ಬಹುಪಾಲು ದ್ವೀಪವೇ ಅಲ್ಲ. ಅದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, ಜಾಸ್ಪರ್ ರಾಷ್ಟ್ರೀಯ ಉದ್ಯಾನದ ಮಲೀನ್ ಸರೋವರಕ್ಕೆ ಚಾಚಿಕೊಂಡಿರುವ ಪುಟ್ಟ ನೆಲ. ಬೇಸಿಗೆಯಲ್ಲಿ ಹಿಮ ಕರಗಿ ನೀರು ಏರಿದಾಗ ದಡದ ಜೊತೆಗಿನ ತಗ್ಗು ಪಟ್ಟಿ ಮುಳುಗುತ್ತದೆ. ಸೂಜಿಯೆಲೆಯ ಒಂದಷ್ಟು ಮರಗಳನ್ನು ಹೊತ್ತ ಆ ನೆಲ ಆಗ ಕೆಲವು ವಾರ ನಿಜಕ್ಕೂ ನಡುಗಡ್ಡೆಯಾಗುತ್ತದೆ. ನೀರು ಇಳಿದರೆ ಜಲ್ಲಿ, ಹುಲ್ಲು, ಕೊಚ್ಚಿ ಬಂದ ಮರದ ತುಂಡುಗಳ ಆ ಪಟ್ಟಿ ಮತ್ತೆ ಮೇಲೇಳುತ್ತದೆ. ಫೋಟೊದಲ್ಲಿ ಅದು ಎದ್ದು ಕಾಣುವುದಿಲ್ಲ. ಕಾಣದಂಥ ಜಾಗದಲ್ಲೇ ಎಲ್ಲರೂ ನಿಲ್ಲುತ್ತಾರೆ.

ಅಲ್ಲಿ ನಿಲ್ಲುವುದನ್ನು ಜಗತ್ತಿಗೆ ಕಲಿಸಿದ್ದರಲ್ಲಿ ಒಂದು ಜಾಹೀರಾತಿನ ಪಾಲು ದೊಡ್ಡದು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕೊಡಾಕ್ ಕಂಪನಿ 1950ರಿಂದ 1990ರವರೆಗೆ 'ಕಲೊರಾಮಾ' ಎಂಬ ಬೃಹತ್ ಚಿತ್ರಗಳನ್ನು ಪ್ರದರ್ಶಿಸುತ್ತಿತ್ತು. 18 ಅಡಿ ಎತ್ತರ, 60 ಅಡಿ ಅಗಲ, ಹಿಂದಿನಿಂದ ಬೆಳಕು. ಪೀಟರ್ ಗೇಲ್ಸ್ ತೆಗೆದ ಸ್ಪಿರಿಟ್ ಐಲ್ಯಾಂಡ್ ಚಿತ್ರ 1960ರಲ್ಲಿ ಆ ಗೋಡೆ ಏರಿತು. ಆಫೀಸಿಗೆ ಓಡುವ ಗಡಿಬಿಡಿಯಲ್ಲಿದ್ದ ಸಾವಿರಾರು ಜನ ತಲೆಯೆತ್ತಿ ನೋಡಿದರು. ಮುಂದೆ ಕ್ಯಾಲೆಂಡರು, ಪೋಸ್ಟ್‌ಕಾರ್ಡು, ಈಗ ಮೊಬೈಲು. ಸಾಧನ ಬದಲಾಯಿತೇ ಹೊರತು ಕೋನ ಬದಲಾಗಲಿಲ್ಲ.

ಜಾಸ್ಪರ್ ಊರಿನಿಂದ ಸುಮಾರು ನಲವತ್ತೆಂಟು ಕಿಲೋಮೀಟರ್ ರಸ್ತೆ ಸರೋವರದ ಉತ್ತರ ತುದಿಗೆ ಬಂದು ಮುಗಿಯುತ್ತದೆ. ಅಲ್ಲಿಂದ ನಡುಗಡ್ಡೆಗೆ ಕಾಲುದಾರಿ ಇಲ್ಲ. ಹದಿನಾಲ್ಕು ಕಿಲೋಮೀಟರ್ ದೋಣಿಯಲ್ಲೇ ಹೋಗಬೇಕು. ಸರೋವರದ ಉದ್ದ 22 ಕಿಲೋಮೀಟರ್ ದಾಟುತ್ತದೆ, ಆಳ ಕೆಲವೆಡೆ 97 ಮೀಟರ್. ಕೆನಡಾದ ರಾಕಿ ಪರ್ವತಗಳಲ್ಲಿ ಇದಕ್ಕಿಂತ ದೊಡ್ಡ ನೈಸರ್ಗಿಕ ಸರೋವರ ಇನ್ನೊಂದಿಲ್ಲ. ಮೊದಲ ಅರ್ಧದಲ್ಲಿ ನೀರು ಕಡುನೀಲಿಯಾಗಿರುತ್ತದೆ. ದಕ್ಷಿಣಕ್ಕೆ ಸರಿದಂತೆ ಹಸಿರು ಬೆರೆಯುತ್ತದೆ, ಸ್ಯಾಮ್ಸನ್ ಇಕ್ಕಟ್ಟು ದಾಟಿದ ಮೇಲೆ ಅದಕ್ಕೆ ಹಾಲು ಕಲಸಿದಂಥ ಛಾಯೆ ಬರುತ್ತದೆ.

ಬಣ್ಣದ ಗುಟ್ಟು ನೀರಿನದಲ್ಲ, ಕಲ್ಲಿನದು. ಹಿಮನದಿ ತನ್ನ ಭಾರದಿಂದ ಬಂಡೆಯನ್ನು ಉಜ್ಜುತ್ತ ಜಾರುತ್ತದೆ. ಅರೆದು ಉಳಿದದ್ದು ಮೈದಾಹಿಟ್ಟಿನಷ್ಟು ನುಣುಪು. ಕರಗಿದ ನೀರಿನೊಂದಿಗೆ ಅದು ಸರೋವರಕ್ಕೆ ಇಳಿಯುತ್ತದೆ. ದಪ್ಪ ಕಣಗಳು ಬೇಗ ತಳ ಸೇರುತ್ತವೆ, ತೀರ ಸಣ್ಣವು ದಿನಗಟ್ಟಲೆ ತೇಲುತ್ತ ಉಳಿಯುತ್ತವೆ. ಬಿಸಿಲಿನ ಕೆಂಪನ್ನು ನೀರೇ ಹೀರಿಕೊಳ್ಳುತ್ತದೆ. ಉಳಿದ ನೀಲಿ ಹಸಿರನ್ನು ಈ ಕಣಗಳು ಚೆದುರಿಸಿ ನಮ್ಮ ಕಣ್ಣಿಗೆ ಮರಳಿಸುತ್ತವೆ. ಹಿಮನದಿ ಕರಗುವ ಬೇಸಿಗೆಯಲ್ಲೇ ಬಣ್ಣ ಗಾಢವಾಗುವುದು ಇದರಿಂದ. ಹಿಮನದಿ ಮುಗಿದುಹೋದರೆ ಅರೆಯುವ ಕೆಲಸವೂ ನಿಲ್ಲುತ್ತದೆ, ಬಣ್ಣವೂ ಇಳಿಯುತ್ತದೆ. ಕರಗುತ್ತಿರುವುದರಿಂದಲೇ ಈಗ ಇಷ್ಟು ಚೆಲುವು ಎಂಬ ಮಾತು ಕೇಳಿ ಮೆಚ್ಚುವುದೋ ಮರುಗುವುದೋ ತಿಳಿಯುವುದಿಲ್ಲ.

ನಡುಗಡ್ಡೆಯ ಎದುರು ದೋಣಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲುತ್ತದೆ. ದಡದ ಮೇಲೆ ಮರದ ಅಟ್ಟಣೆ, ಸುತ್ತ ಕಟಾಂಜನ. ಕ್ಯಾಲ್ಗರಿ, ಎಡ್ಮಂಟನ್‌ಗಳ ಕನ್ನಡ ಕುಟುಂಬಗಳು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಬೇಸಿಗೆಯಲ್ಲಿ ಬ್ಯಾನ್ಫ್, ಜಾಸ್ಪರ್ ಕಡೆ ಕರೆದೊಯ್ಯುವುದು ವಾಡಿಕೆ. ಹಾಗಾಗಿ ಅಟ್ಟಣೆಯ ಮೇಲೆ ಜುಲೈ ತಿಂಗಳಲ್ಲೂ ಮಂಕಿ ಕ್ಯಾಪು ತೊಟ್ಟ ಹಿರಿಯರೊಬ್ಬರು, ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡ ತಾಯಿಯೊಬ್ಬರು ಸಿಕ್ಕರೆ ಆಶ್ಚರ್ಯವಿಲ್ಲ. "ಸ್ವಲ್ಪ ಎಡಕ್ಕೆ ಬಾಮ್ಮ, ಹಿಂದೆ ಬೆಟ್ಟ ಬರ್ಲಿ" ಎಂದು ಮಗ ಕೂಗುತ್ತಾನೆ. ಕಟಾಂಜನದ ಒಂದು ಮೂಲೆಗೆ ಸಾಲು ನಿಂತಿರುತ್ತದೆ. ಅಲ್ಲಿಂದಲೇ ಆ ಚಿತ್ರ ಸರಿಯಾಗಿ ಬರುವುದು.

ನಡುಗಡ್ಡೆಯ ಮೇಲೆ ಯಾರೂ ಕಾಲಿಡುವಂತಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಸ್ಟೋನಿ ನಕೋಡ ಜನರಿಗೆ ಅದು ಪವಿತ್ರ ಸ್ಥಳ. ಇಷ್ಟು ದೂರ ಬಂದು ಮುಟ್ಟದೆ ಹೋಗುವುದೇ ಎಂದು ಕೆಲವರು ಗೊಣಗುತ್ತಾರೆ. ಆ ತಾಯಿಗೆ ಮಾತ್ರ ಇದನ್ನು ಯಾರೂ ವಿವರಿಸಬೇಕಿಲ್ಲ. ಹೊಸಿಲಾಚೆ ನಿಂತು ಗರ್ಭಗುಡಿಯತ್ತ ಕೈಮುಗಿದು ಹಿಂದಿರುಗುವುದು ಆಕೆಗೆ ಬಾಲ್ಯದಿಂದ ರೂಢಿ. ನೋಡುವುದಕ್ಕೂ ಒಂದು ಮರ್ಯಾದೆ ಇದೆ, ಅದರ ಮೊದಲ ನಿಯಮ ದೂರ.

ಸರೋವರ ಹೊರಗಿನವರಿಗೆ ಗೊತ್ತಾದ ಕಥೆಯೂ ನಿಲ್ಲುವ ಜಾಗದ ಕಥೆಯೇ. ರೈಲುಮಾರ್ಗಕ್ಕೆ ದಾರಿ ಹುಡುಕುತ್ತಿದ್ದ ಸರ್ವೇದಾರ ಹೆನ್ರಿ ಮೆಕ್ಲಾಡ್ 1875ರಲ್ಲಿ ಇಲ್ಲಿಗೆ ಬಂದಿದ್ದರು. ರೈಲಿಗೆ ಉಪಯೋಗವಿಲ್ಲವೆಂದು ತಿರುಗಿ ಹೋದರು. ಆಮೇಲೆ ಹುಡುಕಿಕೊಂಡು ಬಂದವರು ಫಿಲಡೆಲ್ಫಿಯಾದ ಮೇರಿ ಶೇಫರ್. ಗಂಡನನ್ನು ಕಳೆದುಕೊಂಡಿದ್ದ ಈಕೆ ಸಸ್ಯಗಳ ಚಿತ್ರ ಬರೆಯುತ್ತ, ಫೋಟೊ ತೆಗೆಯುತ್ತ ಕುದುರೆಯ ಮೇಲೆ ಪರ್ವತ ಸುತ್ತುತ್ತಿದ್ದರು. 1907ರಲ್ಲಿ ಹುಡುಕಿದಾಗ ಸರೋವರ ಸಿಗಲಿಲ್ಲ. ಆಗ ಅವರಿಗೆ ನಕ್ಷೆ ಬರೆದುಕೊಟ್ಟವರು ಸ್ಟೋನಿ ಜನಾಂಗದ ಸ್ಯಾಮ್ಸನ್ ಬೀವರ್. ತಂದೆಯ ಜೊತೆ ಹದಿನಾಲ್ಕನೆಯ ವಯಸ್ಸಿನಲ್ಲಿ ಒಮ್ಮೆ ಮಾತ್ರ ನೋಡಿದ್ದನ್ನು ಮೂವತ್ತರ ಹೊತ್ತಿಗೆ ನೆನಪಿನಿಂದ ಬಿಡಿಸಿದರು: ಹೊಳೆ, ಕಣಿವೆ, ಬೆಟ್ಟ, ಎಲ್ಲವನ್ನೂ.

ಮರುವರ್ಷ ಆ ಕಾಗದ ಹಿಡಿದು ಹೊರಟ ತಂಡಕ್ಕೆ ದಾರಿಯಲ್ಲಿ ನಕ್ಷೆಯ ಮೇಲೆಯೇ ಅನುಮಾನ ಬಂತು. ಮಾರ್ಗದರ್ಶಿ ಸಿಡ್ ಅನ್ವಿನ್ ಒಬ್ಬರೇ ಬೆಟ್ಟ ಹತ್ತಿ ನೋಡಿದಾಗ ಸರೋವರ ಕೆಳಗೇ ಇತ್ತು. ಅದು 1908ರ ಜುಲೈ ತಿಂಗಳು. ಮರದ ದಿಮ್ಮಿ ಕಟ್ಟಿ ತೆಪ್ಪ ಮಾಡಿ ಅವರು ಸರೋವರದ ತುದಿಯವರೆಗೆ ಹೋದರು. ಒಂದು ಶಿಖರಕ್ಕೆ ಅನ್ವಿನ್ ಹೆಸರು, ಇನ್ನೊಂದಕ್ಕೆ ಸ್ಯಾಮ್ಸನ್ ಹೆಸರು, ಮತ್ತೊಂದಕ್ಕೆ ಸ್ಯಾಮ್ಸನ್ ಪತ್ನಿ ಲಿಯಾ ಹೆಸರು ಬಂತು. 1911ರಲ್ಲಿ ಶೇಫರ್ ಮತ್ತೆ ಬಂದು ಸರೋವರವನ್ನು ಅಳೆದರು. ಉದ್ಯಾನದ ಗಡಿ ಕುಗ್ಗಿಸಿದ್ದ ಆ ಕಾಲದಲ್ಲಿ ಇಂಥದ್ದೊಂದು ಇದೆ ಎಂದು ಸರ್ಕಾರಕ್ಕೂ ಜನರಿಗೂ ತೋರಿಸಿದ್ದು ಆ ಕೆಲಸ.

ಚೌಕಟ್ಟಿನ ಹೊರಗೆ ಉಳಿದದ್ದು ಇನ್ನೂ ಬೇಕಾದಷ್ಟಿದೆ. ಬರುವ ರಸ್ತೆಯಲ್ಲೇ ಮೆಡಿಸಿನ್ ಸರೋವರ ಸಿಗುತ್ತದೆ. ಬೇಸಿಗೆಯಲ್ಲಿ ತುಂಬಿ, ಚಳಿಗಾಲಕ್ಕೆ ಬರಿದಾಗುವ ಕೆರೆ. ಸುಣ್ಣಕಲ್ಲಿನ ಬಿಲಗಳಲ್ಲಿ ಇಂಗಿದ ನೀರು ನೆಲದಡಿ ಹರಿದು ಹದಿನಾರು ಕಿಲೋಮೀಟರ್ ಆಚೆ ಮಲೀನ್ ಕಮರಿಯಲ್ಲಿ ಹೊರಬೀಳುತ್ತದೆ. ಹಿಂದೆ ಆ ಬಿಲಗಳನ್ನು ಮುಚ್ಚಲು ಹಾಸಿಗೆಗಳನ್ನೂ ಲಾರಿಗಟ್ಟಲೆ ಹಳೆಯ ವಾರಪತ್ರಿಕೆಗಳನ್ನೂ ಸುರಿದರೆಂದು ಅಲ್ಲಿಯವರು ಹೇಳುತ್ತಾರೆ. ವಾರಪತ್ರಿಕೆಗಳಿಗೆ ಅಷ್ಟು ಶಕ್ತಿ ಇಲ್ಲವೆಂದು ನನ್ನಂಥ ಅಂಕಣಕಾರನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ.

ನಗುವುದಕ್ಕಾಗದ ಸಂಗತಿಗಳೂ ಇವೆ. ಉದ್ಯಾನ ಹುಟ್ಟಿದ್ದು 1907ರಲ್ಲಿ. 1910ರ ಹೊತ್ತಿಗೆ ಅಥಬಾಸ್ಕಾ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೇಟಿಸ್ ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಸ್ಟೋನಿಗಳಂಥ ಜನ ತಲೆಮಾರುಗಳಿಂದ ಬೇಟೆಯಾಡಿಕೊಂಡಿದ್ದ ರಾಕಿ ಪರ್ವತಗಳು ಉದ್ಯಾನಗಳಾದಂತೆ ಅವರಿಗೆ ಮುಚ್ಚಿಹೋದವು. ಮನುಷ್ಯರನ್ನು ಹೊರಗಿಟ್ಟು ಕಾಪಾಡಿದ ಕಾಡಿನಲ್ಲಿ ಕಾಡುಪ್ರಾಣಿಯಾದರೂ ಸುಖವಾಗಿತ್ತೆ? ಮಲೀನ್ ಕಣಿವೆಯ ಕ್ಯಾರಿಬೂ ಜಿಂಕೆಗಳ ಹಿಂಡು ಅಳಿದುಹೋಯಿತೆಂದು 2020ರಲ್ಲಿ ಒಪ್ಪಿಕೊಳ್ಳಬೇಕಾಯಿತು. 2024ರ ಜುಲೈನಲ್ಲಿ ಕಾಡ್ಗಿಚ್ಚಿಗೆ ಜಾಸ್ಪರ್ ಊರಿನ ಕಟ್ಟಡಗಳಲ್ಲಿ ಮೂರರಲ್ಲೊಂದು ಪಾಲು ಸುಟ್ಟಿತು. ಮನುಷ್ಯನ ಕೈ ಸೋಕದ ಪ್ರಕೃತಿ ಎಂದು ಪ್ರವಾಸದ ಕರಪತ್ರಗಳು ಹೊಗಳುವ ಈ ನೋಟ ಕೈಗಳಿಂದಲೇ ಆಗಿದೆ: ನಕ್ಷೆ ಬಿಡಿಸಿದ ಕೈ, ಗಡಿ ಗೆರೆ ಎಳೆದ ಕೈ, ಕ್ಯಾಮೆರಾ ಹಿಡಿದ ಕೈ.

ಆದ್ದರಿಂದ ಆ ಫೋಟೊ ತೆಗೆಯಬಾರದೆಂದು ನನ್ನ ವಾದವಲ್ಲ. ಅಷ್ಟು ಚೆಲುವಿನ ಮುಂದೆ ಕ್ಯಾಮೆರಾ ಒಳಗಿಡಿ ಎನ್ನುವುದು ಬರೀ ಬಿಗುಮಾನ. ಹೇಳಬೇಕಾದ್ದು ಇಷ್ಟೆ: ಬೆಟ್ಟ, ನೀರು ತಾವಾಗಿ ಇರಬಹುದು, ಆದರೆ ಅವನ್ನು ನೋಡುವ ಜಾಗವನ್ನು ನಮಗೆ ಯಾರೋ ತೋರಿಸಿಕೊಟ್ಟಿರುತ್ತಾರೆ. ಶೇಫರ್ ದೊಡ್ಡವರಾಗುವುದು ಸರೋವರ ಕಂಡುದಕ್ಕಲ್ಲ. ಅದನ್ನು ಅವರಿಗಿಂತ ಎಷ್ಟೋ ಮೊದಲು ಸ್ಟೋನಿಗಳು ಕಂಡಿದ್ದರು, 'ಚಾಬಾ ಇಮ್ನೆ' ಎಂದು ಹೆಸರಿಟ್ಟಿದ್ದರು. 1911ರ ತಮ್ಮ ಪ್ರವಾಸಗ್ರಂಥದಲ್ಲಿ ಅವರು ತಮ್ಮ ನಕ್ಷೆ ಬರೆದವರು ಯಾರೆಂದು ಮುಚ್ಚಿಡದೆ ಹೇಳಿದರು, ಅವರ ಹೆಸರನ್ನು ಬೆಟ್ಟಕ್ಕೂ ಇಟ್ಟರು. ಕಟಾಂಜನದ ಆ ಮೂಲೆಯಲ್ಲಿ ನಮ್ಮ ಸರದಿಗೆ ಕಾಯುವಾಗ ದೋಣಿಯ ಮಾರ್ಗದರ್ಶಿಯನ್ನು ಸ್ಯಾಮ್ಸನ್ ಬೀವರ್ ಯಾರು ಎಂದು ಕೇಳಿದರೆ ಖರ್ಚಾಗುವುದು ಎರಡು ನಿಮಿಷ. ಋಣ ತೀರಿಸಲು ಅದು ಸಾಲದು. ಋಣ ಇದೆಯೆಂದು ಒಪ್ಪಿಕೊಳ್ಳಲು ಸಾಕು.