ಅಜ್ಜಿ ನೆನಪಿನ ದಡಾರ

ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ, ಚೆನ್ನಾಗಿ ಓದುತ್ತಿದ್ದ ಎಂಟು ವರ್ಷದ ಹುಡುಗ ಮಗ್ಗಿ ಮರೆಯತೊಡಗಿದ ಎಂದುಕೊಳ್ಳಿ. ಅಕ್ಷರ ಸೊಟ್ಟಗಾಗುತ್ತದೆ, ಹಟ ಹೆಚ್ಚುತ್ತದೆ. ಮೇಷ್ಟ್ರು ಸೋಮಾರಿತನ ಎನ್ನುತ್ತಾರೆ, ಮನೆಯವರು ದೃಷ್ಟಿ ತೆಗೆಯುತ್ತಾರೆ. ಆಮೇಲೊಂದು ದಿನ ಕೈಯಲ್ಲಿದ್ದ ತಟ್ಟೆ ಜಾರುತ್ತದೆ. ತಲೆ ತಟಕ್ಕನೆ ಬಾಗುತ್ತದೆ, ಮೈ ಬೆಚ್ಚುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೆಯೇ. ಇದು ಮೂರ್ಛೆರೋಗವೆಂದು ತೋರುವುದು ಸಹಜ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: "ಮಗುವಿಗೆ ಚಿಕ್ಕಂದಿನಲ್ಲಿ ದಡಾರ ಆಗಿತ್ತಾ?" ಎಷ್ಟೋ ಸಲ ಉತ್ತರ ಸಿಗುವುದು ಅಜ್ಜಿಯ ಬಾಯಲ್ಲಿ: "ಆಗಿತ್ತು ಕಣಪ್ಪ, ಹಸುಗೂಸಾಗಿದ್ದಾಗ. ಬೇವಿನಸೊಪ್ಪು ಹಾಕಿ ಮಲಗಿಸಿದ್ದೆವು."

ದದ್ದು ಮಾಯವಾದರೂ ದಡಾರದ ವೈರಸ್ ಅಪರೂಪಕ್ಕೆ ಕೆಲವು ಮಕ್ಕಳ ಮಿದುಳಿನಲ್ಲಿ ರೂಪ ಬದಲಿಸಿಕೊಂಡು ಉಳಿದುಬಿಡುತ್ತದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷಗಳ ಬಳಿಕ ತಲೆಯೆತ್ತುತ್ತದೆ. ವೈದ್ಯರು ಇದನ್ನು ಎಸ್‌ಎಸ್‌ಪಿಇ ಎನ್ನುತ್ತಾರೆ. 1933ರಲ್ಲಿ ಡಾಸನ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಇದರ ಹಿಂದೆ ಇರುವುದು ದಡಾರದ ವೈರಸ್ಸೇ ಎಂದು ಖಚಿತವಾಗಲು 1969 ಬರಬೇಕಾಯಿತು. ಪತ್ತೆಗೆ ಎರಡು ಪರೀಕ್ಷೆ ಮುಖ್ಯ. ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಯಲ್ಲಿ ದೊಡ್ಡ ಅಲೆಗಳು ಒಂದೇ ಲಯದಲ್ಲಿ ಮತ್ತೆ ಮತ್ತೆ ಏಳುತ್ತವೆ, ಮೈ ಬೆಚ್ಚುವುದಕ್ಕೆ ತಾಳ ಹಾಕಿದಂತೆ. ಬೆನ್ನುಹುರಿಯ ನೀರಿನಲ್ಲಿ ದಡಾರದ ಪ್ರತಿಕಾಯಗಳು ತುಂಬಿರುತ್ತವೆ. ಎಂಆರ್‌ಐ ಮೊದಮೊದಲು ಏನೂ ಇಲ್ಲವೆಂದೇ ತೋರಬಹುದು. ಅದನ್ನೇ ನಂಬಿ ಕೂರಬಾರದು. ಮಂಡ್ಯದ ಮಿಮ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಗುವನ್ನು ಬೇಗ ಕರೆದೊಯ್ಯಬೇಕು.

ಪತ್ತೆಯಾದರೂ ಗುಣಪಡಿಸುವ ಮದ್ದಿಲ್ಲ. ಕೆಲವು ಔಷಧಿಗಳು ಬೆಚ್ಚುವುದನ್ನು ತಗ್ಗಿಸುತ್ತವೆ, ಕೆಲವರಲ್ಲಿ ರೋಗದ ನಡಿಗೆ ನಿಧಾನವಾಗುತ್ತದೆ. ಹೆಚ್ಚಿನ ಮಕ್ಕಳು ಒಂದರಿಂದ ಮೂರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಆದ್ದರಿಂದ ಈ ರೋಗದ ನಿಜವಾದ ಚಿಕಿತ್ಸೆ ನಡೆಯಬೇಕಾದದ್ದು ಅಂಗನವಾಡಿಯ ಜಗಲಿಯಲ್ಲಿ, ದಡಾರದ ಲಸಿಕೆಯಾಗಿ.

ವರ್ಷ ತುಂಬುವ ಮೊದಲೇ ದಡಾರವಾದ ಮಕ್ಕಳಿಗೆ ಅಪಾಯ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಅಂಥ ಸುಮಾರು 600 ಮಕ್ಕಳಲ್ಲಿ ಒಂದಕ್ಕೆ ಈ ರೋಗ ಬಂದಿದ್ದನ್ನು ಕಂಡಿತು. ನಮ್ಮಲ್ಲಿ ಮೊದಲ ಲಸಿಕೆ ಸಿಗುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಆ ಕೂಸನ್ನು ಕಾಯುವುದು ಸುತ್ತಲಿನ ಮಕ್ಕಳ ತೋಳಿಗೆ ಬಿದ್ದ ಚುಚ್ಚುಮದ್ದು. 2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ಈ ಕಾವಲಿಗಾಗಿಯೇ. ಲಸಿಕೆಯಿಂದಲೇ ಈ ರೋಗ ಬರುತ್ತದೆಂಬ ಮಾತು ಸುಳ್ಳು.

ಆಲೆಮನೆಗೆ, ಕಬ್ಬು ಕಡಿಯಲು ಊರೂರು ಅಲೆದು ಬರುವವರ ಮಕ್ಕಳು ಪಟ್ಟಿಯಿಂದ ತಪ್ಪಿಹೋಗುವುದು ಸುಲಭ. ಆಶಾ ಕಾರ್ಯಕರ್ತೆಯ ಕಣ್ಣು ಆ ಗುಡಿಸಲುಗಳನ್ನೂ ಮುಟ್ಟಲಿ. ನೀವು ಇವತ್ತೇ ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ: ಒಂಬತ್ತು ತಿಂಗಳ ಮೇಲೆ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಇನ್ನೊಂದು. ಎರಡನೆಯದು ಬಿಟ್ಟುಹೋಗಿದ್ದರೆ ನಾಳೆಯೇ ಹಾಕಿಸಿ.