ಲೆಕ್ಕಕ್ಕೆ ಸಿಗದ ಹುಡುಗರು



ಕಳೆದ ತಿಂಗಳು ಹಾಸ್ಟೆಲ್ ಹುಡುಗರ ಜೊತೆ ಕೂತು ಮಾತಾಡ್ತಿದ್ದಾಗ ಒಬ್ಬ ಕೇಳಿದ: "ಅಣ್ಣಾ, ನಮ್ಮ ವಯಸ್ಸಿನವರಲ್ಲಿ ಎಚ್.ಐ.ವಿ. ಎಷ್ಟು ಜನಕ್ಕಿದೆ?" ಪಕ್ಕದವನು ಕಿಸಕ್ಕನೆ ನಕ್ಕ. ಅವನಾಚೆ ಕೂತವನು ತಲೆ ತಗ್ಗಿಸಿದ. ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಓದಿ, ಕೇಳಿ ತಿಳಿದುಕೊಂಡು ಈಗ ಬರೀತಿದ್ದೇನೆ.

ಜಗತ್ತಿನಲ್ಲಿ 10ರಿಂದ 19 ವಯಸ್ಸಿನ ಸುಮಾರು 15 ಲಕ್ಷ ಜನ ಈ ವೈರಸ್ಸಿನೊಂದಿಗೆ ಬದುಕುತ್ತಿದ್ದಾರೆ. ಬಹುಪಾಲು ಮಂದಿ ಸಹರಾ ಮರುಭೂಮಿಯ ಕೆಳಗಿನ ಆಫ್ರಿಕಾದ ಮಕ್ಕಳು. 2023ರಲ್ಲಿ ಈ ವಯಸ್ಸಿನಲ್ಲಿ ಹೊಸದಾಗಿ ಸೋಂಕು ತಗುಲಿದವರಲ್ಲಿ ಹತ್ತಕ್ಕೆ ಏಳು ಜನ ಹುಡುಗಿಯರು. ಬಡತನ, ಬೇಡ ಅನ್ನಲಾಗದ ಗಂಡಸು, ಅರ್ಧಕ್ಕೆ ಬಿಟ್ಟ ಶಾಲೆ, ಇವು ಮೂರೂ ಸೇರಿದ ಕಡೆ ಹುಡುಗಿಯೇ ಮೊದಲು ಸಿಕ್ಕಿಬೀಳೋದು.

ನಮ್ಮ ದೇಶದ ಲೆಕ್ಕ ನೋಡಿದರೆ ಸಮಾಧಾನ ಆಗುತ್ತೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮೊದಲ ಸಲ ಆಯ್ದ ಮನೆಗಳಿಗೆ ಹೋಗಿ ರಕ್ತ ತೆಗೆದು ನೋಡಿದರು. 15ರಿಂದ 49ರವರಲ್ಲಿ ಶೇಕಡ 0.28 ಜನಕ್ಕೆ ಸೋಂಕಿತ್ತು. ಅದರಲ್ಲಿ 15ರಿಂದ 19ರವರನ್ನಷ್ಟೇ ತೆಗೆದುಕೊಂಡರೆ 0.04, ಅಂದರೆ ಹತ್ತು ಸಾವಿರಕ್ಕೆ ನಾಲ್ವರು. ಆಮೇಲೆ ಒಟ್ಟು ಪ್ರಮಾಣ ಇನ್ನೂ ಇಳಿಯಿತು. 2021ರ ಅಂದಾಜಿನಲ್ಲಿ ದೇಶದ ವಯಸ್ಕರಲ್ಲಿ 0.21. ಕರ್ನಾಟಕದ್ದು ಮಾತ್ರ ಅದರ ಎರಡು ಪಟ್ಟು, 0.46.

ಇಷ್ಟೇ ತಾನೆ ಅಂತ ಕಾಗದ ಮಡಚಿಡಬೇಡಿ. ಎಣಿಸಿದ್ದು ಹೇಗೆ ಅನ್ನೋದನ್ನೂ ನೋಡಿ. ಆ ಸಮೀಕ್ಷೆಯಲ್ಲಿ ರಕ್ತ ತೆಗೆದದ್ದು 15 ತುಂಬಿದವರದ್ದು. ಹತ್ತು ಹನ್ನೆರಡರ ಮಕ್ಕಳನ್ನು ಕೇಳಿದವರಿಲ್ಲ. ಹೋದದ್ದು ಮನೆಗಳಿಗೆ. ಹಾಸ್ಟೆಲಿಗೆ, ಅನಾಥಾಲಯಕ್ಕೆ, ಬಸ್‌ಸ್ಟ್ಯಾಂಡಿನಲ್ಲಿ ಮಲಗೋ ಹುಡುಗರ ಹತ್ತಿರಕ್ಕೆ ಆ ಸೂಜಿ ಬರಲಿಲ್ಲ. ಮನೆ ಇದ್ದವರನ್ನು ಎಣಿಸಿದ ಲೆಕ್ಕ ಅದು.

ಇನ್ನೊಂದು ಮಾತು. ಹದಿಹರೆಯದವನಿಗೆ ಎಚ್.ಐ.ವಿ. ಇದೆ ಅಂದ ಕೂಡಲೇ "ಏನು ಮಾಡಿಕೊಂಡನೋ" ಅಂತೀವಿ. ಏನೂ ಮಾಡಿಕೊಂಡಿರಲ್ಲ, ಹುಟ್ಟಿರುತ್ತಾನೆ ಅಷ್ಟೆ. ಔಷಧಿ ಇಲ್ಲದಿದ್ದರೆ ಸೋಂಕಿರುವ ತಾಯಂದಿರ ನೂರು ಕೂಸುಗಳಲ್ಲಿ 15ರಿಂದ 45ಕ್ಕೆ ಬಸಿರಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಲ್ಲಿ ಅದು ದಾಟುತ್ತದೆ. ಔಷಧಿ ಸರಿಯಾಗಿ ಕೊಟ್ಟರೆ ಐದಕ್ಕಿಂತ ಕಡಿಮೆ. ನಮ್ಮ ದೇಶದಲ್ಲಿ ಈ ವೈರಸ್ ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಸರ್ಕಾರ ಬಿಟ್ಟಿಯಾಗಿ ಎ.ಆರ್.ಟಿ. ಗುಳಿಗೆ ಕೊಡಲು ಶುರು ಮಾಡಿದ್ದು 2004ರಲ್ಲಿ. ನಡುವಿನ ಹದಿನೆಂಟು ವರ್ಷ ಹೆತ್ತ ತಾಯಂದಿರು ಯಾರು?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹೋಗಿ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಯಾವ ಕೇರಿಯವರು ಅಂತ ಈ ಪತ್ರಿಕೆ ಓದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈನೆರೆದ ಕೂಡಲೇ ಊರ ಉಳ್ಳವರ ಪಾಲಾಗಿ, ಆಮೇಲೆ ಮುಂಬೈ ಸೇರಿ, ಜ್ವರ ಹೊತ್ತು ಊರಿಗೆ ವಾಪಸು ಬಂದವರೆಷ್ಟೋ. ಮುತ್ತು ಕಟ್ಟುವುದನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ, ವೈರಸ್ ಪತ್ತೆಯಾಗೋಕೆ ಮುಂಚೆಯೇ. ಕಾಯ್ದೆ ಕಾಗದದಲ್ಲಿತ್ತು, ಮುತ್ತು ಕೊರಳಲ್ಲಿತ್ತು.

2005ರಿಂದ 2012ರವರೆಗೆ ಜಗತ್ತಿನಲ್ಲಿ ಏಡ್ಸ್ ಸಾವು ಒಟ್ಟಾರೆ ಮೂರನೇ ಒಂದರಷ್ಟು ಇಳಿಯಿತು. ಹದಿಹರೆಯದವರಲ್ಲಿ ಮಾತ್ರ ಅರ್ಧದಷ್ಟು ಏರಿತು. ಹುಟ್ಟುವಾಗಲೇ ಸೋಂಕಿದ್ದ ಮಕ್ಕಳು ಯಾರ ಗಮನಕ್ಕೂ ಬಾರದೆ ಹತ್ತು ಹದಿನೈದು ವರ್ಷ ಬೆಳೆದಿದ್ದರು. ಗುಳಿಗೆ ತಿನ್ನುತ್ತಿದ್ದವರೂ ಈ ವಯಸ್ಸಿಗೆ ಬಂದಾಗ ಬಿಟ್ಟುಬಿಡುತ್ತಾರೆ. ಯಾಕೆ ಅಂತ ನನಗೆ ಯಾವ ವರದಿಯೂ ಹೇಳಬೇಕಾಗಿಲ್ಲ.

ನಾನು ಬಿ.ಎ. ಓದುವಾಗ ನಮ್ಮ ರೂಮಿನಲ್ಲಿ ಒಬ್ಬ ಹುಡುಗನಿದ್ದ. ರಾತ್ರಿ ಊಟ ಆದಮೇಲೆ ಟ್ರಂಕಿನಿಂದ ಏನೋ ಮುಚ್ಚಿಕೊಂಡು ಬಚ್ಚಲಿಗೆ ಹೋಗಿಬರ್ತಿದ್ದ. ಯಾರೋ ಟ್ರಂಕು ತೆಗೆದು ಡಬ್ಬಿಯ ಮೇಲಿನ ಹೆಸರು ಓದಿದರು. ವಾರದೊಳಗೆ ಮೆಸ್ಸಿನಲ್ಲಿ ಅವನ ತಟ್ಟೆ ಲೋಟ ಬೇರೆಯಾಯ್ತು. ಮೂಲೆಯ ಗೋಡೆ ಪಕ್ಕಕ್ಕೆ. ತೊಳೆದು ಕವುಚಿ ಇಡಬೇಕು, ಬೇರೆಯವರದ್ದಕ್ಕೆ ತಾಗಬಾರದು. ಅವನು ಗುಳಿಗೆ ತಿನ್ನೋದು ನಿಲ್ಲಿಸಿದ. ಆಮೇಲೆ ಒಂದು ಬೆಳಿಗ್ಗೆ ಟ್ರಂಕು ಹೊತ್ತು ಹೊರಟುಹೋದ. ಹಾಗೆ ಮಾಡಿದವರೆಲ್ಲ ನಮ್ಮ ಹುಡುಗರೇ. ನಾನೂ ಅಲ್ಲೇ ಕೂತು ಉಣ್ಣುತ್ತಿದ್ದೆ. ನಮ್ಮೂರ ಹೋಟೆಲಿನ ಬೇರೆ ಲೋಟದ ಮೇಲೆ ಪದ್ಯ ಬರೆದು, ಸಭೆಯಲ್ಲಿ ಓದಿ, ಚಪ್ಪಾಳೆ ಹೊಡೆಸಿಕೊಂಡ ವರ್ಷ ಅದು.

ತಟ್ಟೆಯಿಂದ, ಬಚ್ಚಲಿಂದ, ಸೊಳ್ಳೆಯಿಂದ, ಒಂದೇ ಚಾಪೆಯಲ್ಲಿ ಮಲಗೋದರಿಂದ ಇದು ಬರಲ್ಲ. ರಕ್ತ, ಕಾಂಡೋಮ್ ಇಲ್ಲದ ಸಂಭೋಗ, ಒಬ್ಬರಿಗೆ ಚುಚ್ಚಿದ ಸೂಜಿ, ತಾಯಿಯಿಂದ ಮಗು, ಇಷ್ಟೇ ದಾರಿ. ದಿನಾ ತಪ್ಪದೆ ಗುಳಿಗೆ ತಿಂದು ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದರೆ ಸಂಭೋಗದಿಂದಲೂ ದಾಟಲ್ಲ. ಇದನ್ನು ಶಾಲೆಯಲ್ಲಿ ಹೇಳಿಕೊಡಬೇಕಿತ್ತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಸಂಸ್ಕೃತಿ ಕೆಡುತ್ತೆ ಅನ್ನೋ ಗದ್ದಲಕ್ಕೆ ಮಣಿದು ಲೈಂಗಿಕ ಶಿಕ್ಷಣದ ಪಾಠಕ್ಕೆ ತಡೆ ಹಾಕಿದವು. ಫಲ ನೋಡಿ: 2019-21ರ ಸಮೀಕ್ಷೆಯಲ್ಲಿ ಈ ರೋಗದ ಬಗ್ಗೆ ಪೂರ್ತಿ ತಿಳಿವಳಿಕೆ ಇದ್ದದ್ದು ನೂರಕ್ಕೆ 22 ಹೆಂಗಸರಿಗೆ, 31 ಗಂಡಸರಿಗೆ.

2017ರಲ್ಲಿ ಒಂದು ಕಾಯ್ದೆ ಬಂತು, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಎಚ್.ಐ.ವಿ. ಇದೆ ಅಂತ ಶಾಲೆ, ಕಾಲೇಜು, ಆಸ್ಪತ್ರೆ, ಬಾಡಿಗೆ ಮನೆ ಯಾವುದನ್ನೂ ನಿರಾಕರಿಸುವಂತಿಲ್ಲ. ಅವರ ಒಪ್ಪಿಗೆ ಇಲ್ಲದೆ ಆ ಸಂಗತಿ ಬಯಲು ಮಾಡುವಂತಿಲ್ಲ. ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮಿದೆ, ಓದಿದಾಗ ಕೈ ತಣ್ಣಗಾಯಿತು: ಹನ್ನೆರಡು ದಾಟಿದ, ತಿಳಿವಳಿಕೆ ಇರುವ ಅಕ್ಕನೋ ಅಣ್ಣನೋ ತಮ್ಮ ತಂಗಿಯರಿಗೆ ಪೋಷಕರಾಗಿ ನಿಲ್ಲಬಹುದು. ಅಪ್ಪ ಅವ್ವ ಇಬ್ಬರೂ ಸತ್ತ ಮನೆಗಳು ಎಷ್ಟಿದ್ದರೆ ಇಂಥ ಕಲಮು ಬರೆಯಬೇಕಾಗುತ್ತೆ!

ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನಾ ಕೇಂದ್ರದಲ್ಲಿ ಪರೀಕ್ಷೆಗೆ ದುಡ್ಡಿಲ್ಲ. ಹದಿನೆಂಟು ತುಂಬದವರಿಗೆ ಮನೆಯವರ ಒಪ್ಪಿಗೆ ಕೇಳ್ತಾರೆ. ಅದೇ ದೊಡ್ಡ ಗೋಡೆ. ಮೊದಲು 1097ಕ್ಕೆ ಫೋನ್ ಮಾಡಿ ಕೇಳಬಹುದು, ಅದೂ ಬಿಟ್ಟಿ.

ಮುಂದಿನ ಸಭೆಯಲ್ಲಿ ಒಂದು ಗಂಟೆ ಇದಕ್ಕೇ ಇಡೋಣ. ಪ್ರಶ್ನೆ ಕೇಳಿದವನು ಬರಲಿ, ನಕ್ಕವನೂ ಬರಲಿ. ತಲೆ ತಗ್ಗಿಸಿದವನನ್ನು ಮಾತ್ರ ಯಾರೂ ಏನೂ ಕೇಳಬೇಡಿ.