ಮನೆಯ ಅಂತರ್ಜಾಲಕ್ಕೆ ವಿಪಿಎನ್: ಅಗತ್ಯವೇ, ಅನಗತ್ಯ ವೆಚ್ಚವೇ?

ಅಂಗಡಿ ಮುಚ್ಚಿದ ಬಳಿಕ ಮನೆಯಲ್ಲಿಯೇ ಕುಳಿತು ಬ್ಯಾಂಕ್ ಪಾವತಿ, ಜಿಎಸ್‌ಟಿ ರಿಟರ್ನ್ ಸಲ್ಲಿಕೆಗಳನ್ನು ಪೂರೈಸುವ ಪರಿಪಾಠವು ನಮ್ಮ ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಬೆಳೆದಿದೆ. ವಿಪಿಎನ್ ಇಲ್ಲದಿದ್ದರೆ ಹಣಕ್ಕೆ ರಕ್ಷಣೆಯಿಲ್ಲವೆಂಬ ಧಾಟಿಯ ಜಾಹೀರಾತುಗಳೂ ಅವರನ್ನು ಹಿಂಬಾಲಿಸುತ್ತಿವೆ. ಚಂದಾ ತೆರುವ ಮುನ್ನ, ಈ ವೆಚ್ಚದಿಂದ ಯಾವ ಅಪಾಯ ತಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು ಉಚಿತ.

ವಿಪಿಎನ್ ನಮ್ಮ ಸಂದೇಶಗಳನ್ನು ಗೂಢಲಿಪಿಗೆ ಪರಿವರ್ತಿಸಿ, ತನ್ನ ಸರ್ವರ್ ಮೂಲಕ ಮುಂದಕ್ಕೆ ಕಳುಹಿಸುತ್ತದೆ. ಆದರೆ ಬ್ಯಾಂಕುಗಳ ಮತ್ತು ಜಿಎಸ್‌ಟಿಯ ಜಾಲತಾಣಗಳು ಎಚ್‌ಟಿಟಿಪಿಎಸ್ ವ್ಯವಸ್ಥೆಯಲ್ಲಿ ಈ ಕಾರ್ಯವನ್ನು ತಾವೇ ನಿರ್ವಹಿಸುತ್ತವೆ. ಆದ್ದರಿಂದ ನಮ್ಮ ಪಾಸ್‌ವರ್ಡ್ ಮಾರ್ಗಮಧ್ಯದಲ್ಲಿ ಯಾರಿಗೂ ಸುಲಭವಾಗಿ ಕಾಣುವುದಿಲ್ಲ. ವಿಪಿಎನ್ ಹೆಚ್ಚುವರಿಯಾಗಿ ಮರೆಮಾಡುವುದು, ನಾವು ಯಾವ ತಾಣಕ್ಕೆ ಹೋದೆವು ಎಂಬುದನ್ನು ಅಂತರ್ಜಾಲ ಸಂಪರ್ಕ ನೀಡುವ ಸಂಸ್ಥೆಯಿಂದ; ನಮ್ಮ ಐಪಿ ವಿಳಾಸವನ್ನು ಆ ತಾಣದಿಂದ.

ಹೀಗೆ ಒಬ್ಬರ ಮೇಲಿನ ನಂಬಿಕೆಯನ್ನು ಮತ್ತೊಬ್ಬರಿಗೆ ವರ್ಗಾಯಿಸಿದಂತಾಗುತ್ತದೆ. ಆ ಮತ್ತೊಬ್ಬರು ಯಾರೆಂಬುದು ಮುಖ್ಯ. ಫೇಸ್‌ಬುಕ್ ಒಡೆತನದ ಒನಾವೊ ಪ್ರೊಟೆಕ್ಟ್ ಎಂಬ ಉಚಿತ ವಿಪಿಎನ್, ಬಳಕೆದಾರರ ಮಾಹಿತಿಯನ್ನು ಸಂಗ್ರಹಿಸಿ ವಾಣಿಜ್ಯ ಲಾಭಕ್ಕೆ ಬಳಸಿತ್ತು. ಮಾಹಿತಿ ಗುಪ್ತವಾಗಿರುವುದೆಂದು ಜನರನ್ನು ತಪ್ಪುದಾರಿಗೆಳೆದ ಕಾರಣಕ್ಕೆ 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಪುಕ್ಕಟೆ ಸರಕಿನ ಬೆಲೆಯನ್ನು ಎಲ್ಲಿಯಾದರೂ ತೆರಲೇಬೇಕೆಂಬುದು ವ್ಯಾಪಾರಿಗೆ ತಿಳಿಯದ ಮಾತೇನಲ್ಲ.

ವಾಸ್ತವವಾಗಿ ಹಣ ಸೋರಿಹೋಗುವ ಬಾಗಿಲುಗಳೇ ಬೇರೆ. ದೂರವಾಣಿಯಲ್ಲಿ ಒಟಿಪಿ ಹೇಳುವುದು, ಅಪರಿಚಿತರ ಮಾತು ಕೇಳಿ ಪರದೆ ಹಂಚಿಕೊಳ್ಳುವ ತಂತ್ರಾಂಶ ಹಾಕಿಕೊಳ್ಳುವುದು, 'ನಮ್ಮ ಖಾತೆ ಸಂಖ್ಯೆ ಬದಲಾಗಿದೆ' ಎಂದು ಸರಬರಾಜುದಾರರ ಹೆಸರಿನಲ್ಲಿ ಬಂದ ಇ-ಮೇಲ್ ನಂಬಿ ಹಣ ಕಳುಹಿಸುವುದು: ಇವುಗಳನ್ನು ವಿಪಿಎನ್ ತಡೆಯಲಾರದು. ಗೋದಾಮಿನ ದಾರಿಗೆ ಕಾವಲು ಹಾಕಿ, ಬೀಗದ ಕೈಯನ್ನು ಕಳ್ಳನಿಗೇ ಒಪ್ಪಿಸಿದಂತಾಗುತ್ತದೆ. ಗ್ರಾಹಕನು ಪಾವತಿಯ ಗುಪ್ತ ವಿವರಗಳನ್ನು ತಾನೇ ನೀಡಿದ್ದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಆತನದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು.

ಹಾಗೆಂದು ವಿಪಿಎನ್ ನಿಷ್ಪ್ರಯೋಜಕವೆಂದಲ್ಲ. ಮನೆಯಿಂದ ಕಾರ್ಖಾನೆಯ ಟ್ಯಾಲಿ ಲೆಕ್ಕಪತ್ರ ತೆರೆಯುವವರು ಅಲ್ಲಿನ ಕಂಪ್ಯೂಟರಿನ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು ಅಪಾಯಕರ. ಲೆಕ್ಕಪತ್ರಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ದುಷ್ಕರ್ಮಿಗಳು ಹುಡುಕುವುದು ಇಂತಹ ದ್ವಾರಗಳನ್ನೇ. ಇಲ್ಲಿ ಸಂಸ್ಥೆಯು ತನ್ನದೇ ವಿಪಿಎನ್ ಅಳವಡಿಸಿಕೊಳ್ಳುವುದು ಸಾರ್ಥಕ ವೆಚ್ಚ. ಹೋಟೆಲು, ರೈಲು ನಿಲ್ದಾಣಗಳ ವೈಫೈ ಬಳಸುವವರಿಗೂ ಅದರಿಂದ ಸ್ವಲ್ಪಮಟ್ಟಿನ ಅನುಕೂಲವುಂಟು.

ಮನೆಯ ಸಂಪರ್ಕದ ಮಟ್ಟಿಗೆ ಮೊದಲು ಮಾಡಬೇಕಾದವು ಇವು: ರೂಟರಿನೊಂದಿಗೆ ಬಂದ ಪಾಸ್‌ವರ್ಡನ್ನು ಬದಲಿಸುವುದು, ಕಂಪ್ಯೂಟರ್ ಮತ್ತು ಮೊಬೈಲಿನ ತಂತ್ರಾಂಶಗಳನ್ನು ನವೀಕರಿಸುವುದು, ಇ-ಮೇಲಿಗೆ ಎರಡು ಹಂತದ ದೃಢೀಕರಣ ಅಳವಡಿಸುವುದು, ಖಾತೆ ಸಂಖ್ಯೆ ಬದಲಾದರೆ ಪರಿಚಿತ ದೂರವಾಣಿಗೆ ಕರೆಮಾಡಿ ಖಚಿತಪಡಿಸಿಕೊಳ್ಳುವುದು, ಲೆಕ್ಕಪತ್ರಗಳ ಒಂದು ಪ್ರತಿಯನ್ನು ಅಂತರ್ಜಾಲದ ಸಂಪರ್ಕವಿಲ್ಲದ ಕಡೆ ಇಡುವುದು. ಮೋಸ ನಡೆದೇ ಹೋದಲ್ಲಿ ಒಡನೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸತಕ್ಕದ್ದು. ಇವುಗಳಿಗೆ ತಗಲುವುದು ಹಣಕ್ಕಿಂತ ಹೆಚ್ಚಾಗಿ ಗಮನ. ಇಷ್ಟನ್ನೂ ಮಾಡಿದ ಬಳಿಕ ವಿಪಿಎನ್ ಬೇಕೆನಿಸಿದರೆ ಕೊಳ್ಳಲಿ. ಇವುಗಳ ಬದಲಿಗೆ ಅದನ್ನು ಕೊಳ್ಳುವುದು ಮಾತ್ರ ಲೆಕ್ಕಕ್ಕೆ ಹೊಂದದ ವ್ಯವಹಾರವೆಂಬುದು ನನ್ನ ದೃಢ ಅಭಿಪ್ರಾಯ.